ಕಟ್ಟ, ನೀರುನಾಯಿ, ಆಚೆ ದಡದವಳು

ತೆಂಗಿನೆಣ್ಣೆ ಬಾಟ್ಲಿಯೊಳಗೆ ಗಟ್ಟಿಯಾಯಿತು ಎಂದರೆ ನಮ್ಮಲ್ಲಿ ಚಳಿಗಾಲ. ಘಟ್ಟದ ಮೇಲಿನವರು ಅದನ್ನು ಚಳಿ ಎಂದು ಒಪ್ಪುವುದಿಲ್ಲ. ಒಮ್ಮೆ ಬಂದ ನೆಂಟನೊಬ್ಬ ಬೆಳಿಗ್ಗೆ ಅಂಗಿ ತೆಗೆದು ಅಂಗಳದಲ್ಲಿ ಕೂತು, ಶಾಲು ಹೊದ್ದ ನನ್ನನ್ನು ನೋಡಿ ನಕ್ಕಿದ್ದ. ನಗಲಿ. ನಮ್ಮ ಹಿಮ್ಮಡಿ ಒಡೆಯುತ್ತದೆ, ತುಟಿ ಒಡೆಯುತ್ತದೆ, ಎಣ್ಣೆ ಬಾಟ್ಲಿಯನ್ನು ಬಚ್ಚಲ ಒಲೆಯ ಹತ್ತಿರ ಇಟ್ಟು ಕರಗಿಸಿದ ಮೇಲೆಯೇ ತಲೆಗೆ ಎಣ್ಣೆ. ಗೇರಿನ ಹೂವು ಮಂಜು ಬಿದ್ದು ಕಪ್ಪಾಗುತ್ತದೆ. ಚಾರ್ಮಾಡಿ ಕಡೆಯಿಂದ ಮಂಜು ಇಳಿದು ಬಂದು ಹೊಳೆಯ ಮೇಲೆ ಕೂತುಬಿಟ್ಟರೆ ಬಿಸಿಲು ಏರುವವರೆಗೆ ಏಳುವುದಿಲ್ಲ.

ನಮ್ಮ ಮನೆ ಮುಂಡಾಜೆಯಿಂದ ಸ್ವಲ್ಪ ಒಳಗೆ, ಹೊಳೆಯ ಬದಿಗೆ. ಹೊಳೆಯ ಆಚೆಗೆ ಒಂದೇ ಒಂದು ಮನೆ ಇತ್ತು, ಬ್ಯಾರಿ ಮುಸ್ಲಿಮರದ್ದು. ನಾನು ಮದುವೆಯಾಗಿ ಈ ದಡಕ್ಕೆ ಬಂದೆ, ಅದೇ ವರ್ಷ ಅವಳು ಆ ದಡಕ್ಕೆ ಬಂದಳು. ಹೆಸರು ಬರೆಯುವುದಿಲ್ಲ, ಬರೆದರೆ ಅವಳ ಮಗಳು ಓದಿ ಹೇಳುತ್ತಾಳೆ, ಆಮೇಲೆ ಫೋನಿನಲ್ಲಿ ಬೈಗುಳ ನನಗೆ. ಆಚೆ ದಡದವಳು ಎಂದರೆ ಸಾಕು. ಅವಳ ಬಾಯಲ್ಲಿ ನಾನೇ ಆಚೆ ದಡದವಳು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಅವಳ ಮಾತಿನ ಖಾರ ಅರ್ಧಕ್ಕರ್ಧ ಹೋಗಿದೆ.

ಮಳೆಗಾಲದಲ್ಲಿ ನಮಗಿಬ್ಬರಿಗೂ ಮಾತಿಲ್ಲ. ಹೊಳೆಯ ಸದ್ದಿಗೆ ಏನೂ ಕೇಳುವುದಿಲ್ಲ. ಬಟ್ಟೆ ಒಗೆಯಲು ಬಂದಾಗ ಒಬ್ಬರಿಗೊಬ್ಬರು ಕೈ ಎತ್ತುವುದು, ಅಷ್ಟೇ. ಅವಳು ಬಸುರಿಯಾದದ್ದೂ ನನಗೆ ಗೊತ್ತಾದದ್ದು ಹೊಟ್ಟೆ ಕಂಡ ಮೇಲೆ. ಮಾತೆಲ್ಲ ಚಳಿಗಾಲಕ್ಕೆ. ಯಾಕೆಂದರೆ ಚಳಿಗಾಲದಲ್ಲಿ ಕಟ್ಟ ಕಟ್ಟುತ್ತಿದ್ದರು.

ಕಟ್ಟ ಎಂದರೆ ಮಳೆ ನಿಂತು ಹೊಳೆ ಸಣ್ಣದಾದ ಮೇಲೆ ಅಡ್ಡಕ್ಕೆ ಹಾಕುವ ಒಡ್ಡು. ಅಡಿಕೆ ಮರ ಸೀಳಿ ಎರಡು ಸಾಲು ಗೂಟ ಹೊಡೆಯುವುದು, ನಡುವೆ ಸೊಪ್ಪು ತುಂಬುವುದು, ಮೇಲೆ ಜೇಡಿಮಣ್ಣು ಹಾಕಿ ತುಳಿಯುವುದು. ನೀರು ನಿಂತರೆ ಎರಡೂ ಬದಿಯ ತೋಟಕ್ಕೆ, ಬಾವಿಗೆ ಜೀವ. ಮುಂದಿನ ಮಳೆಗೆ ಅದು ತಾನಾಗಿ ಕೊಚ್ಚಿಹೋಗುತ್ತದೆ. ವರ್ಷವೂ ಕಟ್ಟುವುದು, ವರ್ಷವೂ ಹೋಗುವುದು. ನೀರು ಹರಿದುಹೋಗಲು ನಡುವೆ ಬಿಟ್ಟ ಬಾಯಿಯನ್ನು ಕೊನೆಗೆ ಮುಚ್ಚುತ್ತಾರೆ. ಅದಕ್ಕೆ ಎರಡೂ ದಡದ ಮಣ್ಣು ಬೀಳಬೇಕು, ಎರಡೂ ಮನೆಯವರ ಕಾಲು ತುಳಿಯಬೇಕು. ಇಲ್ಲದಿದ್ದರೆ ಕಟ್ಟ ನಿಲ್ಲುವುದಿಲ್ಲ ಎಂದು ಹಿಂದಿನವರು ನಂಬಿದ್ದರು. ಬಾಯಿ ಮುಚ್ಚಿದ ಕೂಡಲೇ ಕಟ್ಟವೇ ದಾರಿಯಾಗುತ್ತಿತ್ತು. ಮಣ್ಣು ಹಸಿ ಇರುವಾಗಲೇ ಅವಳು ಸೆರಗಿನಲ್ಲಿ ಪತ್ತಿರ್ ಕಟ್ಟಿಕೊಂಡು ದಾಟಿ ಬರುತ್ತಿದ್ದಳು. ಪತ್ತಿರ್ ಎಂದರೆ ಅವರ ಅಕ್ಕಿರೊಟ್ಟಿ. ಅಲ್ಲಿಂದ ಬೇಸಗೆ ಮುಗಿಯುವವರೆಗೆ ದಿನ ಬಿಟ್ಟು ದಿನ ನನ್ನ ಅಡಿಗೆಕೋಣೆಯ ಹಿಂದಿನ ಕಟ್ಟೆಯಲ್ಲಿ ಅವಳದ್ದೇ ಕಾರುಬಾರು.

ಅವಳೇ ಬರುತ್ತಿದ್ದದ್ದು. ನಾನು ಹೋಗುತ್ತಿರಲಿಲ್ಲ. ಮೊದಲು ಅತ್ತೆಗೆ ಇಷ್ಟವಿರಲಿಲ್ಲ. ಅತ್ತೆ ಹೋದ ಮೇಲೆ ದನ, ಮಕ್ಕಳು, ಒಣಗಲು ಹಾಕಿದ ಅಡಿಕೆ. ಮದುವೆಗೆ, ಹೆರಿಗೆಗೆ, ಸಾವಿಗೆ ಹೋಗಿದ್ದೇನೆ. ಸುಮ್ಮನೆ ಕೂತು ಬರಲು ಹೋದದ್ದಿಲ್ಲ.

ಆಮೇಲೆ ಬೋರ್‌ವೆಲ್ ಬಂತು. ಕಟ್ಟ ಯಾರಿಗೂ ಬೇಡವಾಯಿತು. ಅವಳ ಗಂಡ ತೀರಿಕೊಂಡರು, ಜಾಗ ಮಾರಿದರು, ಕೊಂಡವನು ಮನೆ ಕೆಡವಿ ರಬ್ಬರ್ ಹಾಕಿದ. ಅವಳು ಮೂಡಬಿದಿರೆಯ ಆಚೆ, ಪುತ್ತಿಗೆಯಲ್ಲಿ ಮಗಳ ಮನೆ ಸೇರಿದಳು. ಫೋನು ಮಾಡುತ್ತಾಳೆ. ಮಂಡಿನೋವು, ಸಕ್ಕರೆ ಕಾಯಿಲೆ, ಮೊಮ್ಮಕ್ಕಳ ಮೊಬೈಲು, ಎಲ್ಲ ಆದ ಮೇಲೆ ಕೊನೆಗೆ ಒಂದೇ ಮಾತು:

"ಕಟ್ಟ ಕಟ್ಟಿದ್ರೆ ಹೇಳು ಮಾರಾಯ್ತಿ, ಬರ್ತೇನೆ."

ಅದು ತಮಾಷೆ ಎಂದು ನನಗೂ ಗೊತ್ತು. ಆದರೆ ವರ್ಷಗಟ್ಟಲೆ ಕೇಳಿದರೆ ತಮಾಷೆಯೂ ಕಿವಿಯಲ್ಲಿ ಕೂತುಬಿಡುತ್ತದೆ. ಎಣ್ಣೆ ಗಟ್ಟಿಯಾದ ಬೆಳಿಗ್ಗೆಯೆಲ್ಲ ನನಗೆ ಹೊಳೆಯ ಕಡೆ ಕಣ್ಣು. ಮಂಜಿನೊಳಗಿಂದ ಯಾರೋ ಬಂದಾರು ಎಂದು ನೋಡುವುದು. ಬರುವುದು ಮಿಂಚುಳ್ಳಿ, ಇಲ್ಲವೇ ಪಕ್ಕದ ಮನೆಯ ನಾಯಿ.

ಹೋದ ಚಳಿಗಾಲ ಮೊಮ್ಮಗಳು ಕೆಮರಾ ಹಿಡಿದುಕೊಂಡು ಬಂದಳು. ಬಂಟ್ವಾಳಕ್ಕೆ ಕೊಟ್ಟ ಮಗಳ ಮಗಳು. ಉಜಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಶನಿವಾರ ಬಸ್ಸು ಹತ್ತಿದರೆ ನಮ್ಮ ಮನೆ. ಕೆಮರಾದ ಮುಂದೆ ಅಡಿಕೆ ಹಾಳೆಯಷ್ಟು ಉದ್ದದ ಕನ್ನಡಿ. ಅದರಲ್ಲಿ ಅವಳು ಇಬ್ಬನಿ ಕೂತ ಜೇಡರ ಬಲೆ ತೆಗೆದಳು, ಮಂಗಟ್ಟೆ ಹಕ್ಕಿ ತೆಗೆದಳು, ಒಲೆಯ ಮುಂದೆ ಕೂತ ನನ್ನ ಒಡೆದ ಹಿಮ್ಮಡಿಯನ್ನೂ ತೆಗೆದಳು.

"ಏಯ್, ಅದೆಂಥ ತೆಗೀಲಿಕ್ಕೆ ಉಂಟು? ಮುಖ ತೆಗಿ."

"ಮುಖ ಎಲ್ಲರದ್ದೂ ಇರ್ತದೆ ಅಜ್ಜಿ. ಇದು ಬೇಸಗೆಯ ಗದ್ದೆ ಹಾಗೆ ಉಂಟು, ನೋಡಿ."

ನೋಡಿದೆ. ಹಾಗೆಯೇ ಇತ್ತು. ಒಂದು ಪೆಟ್ಟು ಕೊಟ್ಟೆ.

ಅವಳಿಗೆ ಬೇಕಿದ್ದದ್ದು ನೀರುನಾಯಿ. ಹೊಳೆಯಲ್ಲಿ ನಮ್ಮ ಮನೆಯಿಂದ ಸ್ವಲ್ಪ ಮೇಲಕ್ಕೆ ಒಂದು ಚಪ್ಪಟೆ ಬಂಡೆ ಇದೆ. ಅದರ ಮೇಲೆ ಮೀನಿನ ಚಿಪ್ಪು, ಏಡಿಯ ಕಾಲು ಬೆರೆತ ಹಿಕ್ಕೆ ಕಂಡು ಅವಳಿಗೆ ಚಿನ್ನ ಸಿಕ್ಕಿದ ಹಾಗಾಯಿತು. ನೀರುನಾಯಿ ಹಿಕ್ಕೆ ಹಾಕಿದ ಜಾಗಕ್ಕೇ ಮತ್ತೆ ಬರುತ್ತದಂತೆ. ಬೆಳಿಗ್ಗೆ ಬೆಳಿಗ್ಗೆ ಕಾದಳು. ಒಂದು ಸಲ ನೀರು ಸೀಳಿಕೊಂಡು ಏನೋ ಹೋಯಿತು, ನಿಲ್ಲಲಿಲ್ಲ.

"ನಿಲ್ಲುವುದಿಲ್ಲ ಅದು," ಎಂದೆ. "ಕಟ್ಟ ಇದ್ದಾಗ ನಿಲ್ತಿತ್ತು. ನಿಂತ ನೀರಲ್ಲಿ ಮುಗುಡು ಮೀನು ಸೇರ್ತದೆ, ಅದನ್ನು ತಿನ್ಲಿಕ್ಕೆ ಇಡೀ ಸಂಸಾರ ಬಂದು ಕೂತುಕೊಳ್ತಿತ್ತು. ಮರಿ, ತಾಯಿ, ಎಲ್ಲ."

ಅದು ಸುಳ್ಳಲ್ಲ. ಆದರೆ ನನಗೆ ನೀರುನಾಯಿ ಬೇಕಾಗಿರಲಿಲ್ಲ, ಕಟ್ಟ ಬೇಕಾಗಿತ್ತು.

ಮುಂದಿನ ವಾರ ಅವಳು ಹಾಸ್ಟೆಲಿನ ಹುಡುಗಿಯರ ದಂಡನ್ನೇ ಕರೆತಂದಳು. ನನ್ನ ಮಗ ಮೊದಲು ಗೊಣಗಿದ, ಆಮೇಲೆ ಸಿಮೆಂಟಿನ ಖಾಲಿ ಚೀಲ ತಂದ, ರಬ್ಬರ್ ತೋಟದವನ ಒಪ್ಪಿಗೆಯನ್ನೂ ತಂದ. ಚೀಲಕ್ಕೆ ಮರಳು ತುಂಬಿದರು, ಅಡ್ಡಕ್ಕೆ ಪೇರಿಸಿದರು, ನೀರಿನ ಬದಿಗೆ ಟರ್ಪಾಲು ಹಾಸಿದರು. ಸೊಸೆ ಚಹಾ, ಗೋಳಿಬಜೆ ಮಾಡಿ ಮಾಡಿ ಸುಸ್ತಾದಳು. ನಾನು ದಂಡೆಯಲ್ಲಿ ಕೂತು ಹೇಳುವ ಕೆಲಸ ಮಾಡಿದೆ.

"ಇನ್ನೊಂದು ಸಾಲು ಇಡಿ."

"ಸಾಕು ಅಜ್ಜಿ. ಇನ್ನೂ ಎತ್ತರ ಮಾಡಿದ್ರೆ ನೀರು ಆ ಬಂಡೆ ಮೇಲೆ ಬರ್ತದೆ," ಎಂದಳು ಮೊಮ್ಮಗಳು.

"ಬರುವುದಿಲ್ಲ. ನಾನೆಷ್ಟು ಕಟ್ಟ ನೋಡಿದ್ದೇನೆ. ಬಂಡೆ ಯಾವ ವರ್ಷವೂ ಮುಳುಗ್ಲಿಲ್ಲ. ಅಗಲವೂ ಸಾಲದು, ಇಬ್ಬರು ಕೈಹಿಡಿದು ನಡೆಯುವಷ್ಟು ಬೇಕು."

ಮಗ ಸೊಂಟಕ್ಕೆ ಕೈ ಕೊಟ್ಟು ನಿಂತ. "ಅಮ್ಮ, ಇದು ಕಟ್ಟವಾ, ಸೇತುವೆಯಾ? ಉದ್ಘಾಟನೆಗೆ ಎಂಎಲ್‌ಎ ಬರ್ತಾರಾ?"

ಮಂಡಿನೋವಿನವಳು ದಾಟುವಾಗ ಮೇಲೆ ಒದ್ದೆ ಇರಬಾರದು, ಕಾಲು ಜಾರಬಾರದು, ಬದಿಯಲ್ಲಿ ಹಿಡಿದುಕೊಳ್ಳಲು ನಾನಿರಬೇಕು. ನನ್ನ ಲೆಕ್ಕ ಅಷ್ಟೇ. ಬಾಯಿ ಮುಚ್ಚುವಾಗ ಆಚೆ ದಡದ ಮಣ್ಣಿಗೆ ಹುಡುಗಿಯರನ್ನು ಕಳಿಸಿದೆ. ನೀರಿಗೆ ಇಳಿದು, ಕೂಗಾಡಿ, ಒಂದು ಬುಟ್ಟಿ ತಂದರು. ಸಂಜೆಯೇ ಪುತ್ತಿಗೆಗೆ ಫೋನು ಮಾಡಿದೆ.

"ಕಟ್ಟಿ ಆಯ್ತು. ಬಾ."

"ನಮ್ಮ ಬದಿಯ ಮಣ್ಣು ಯಾರು ಹಾಕಿದ್ದು?"

"ಹಾಸ್ಟೆಲಿನ ಮಕ್ಕಳು."

"ಹಾಗಾದ್ರೆ ಸೋರ್ತದೆ ನೋಡು."

ಸೋರಿದ್ದರೆ ಚೆನ್ನಾಗಿತ್ತು. ನಮ್ಮ ಹಳೆಯ ಕಟ್ಟ ಸೊಪ್ಪಿನದ್ದು, ಮಣ್ಣಿನದ್ದು. ಅದು ಎಷ್ಟು ತುಳಿದರೂ ಸೋರುತ್ತಿತ್ತು. ಎತ್ತರ ಎಷ್ಟೇ ಇದ್ದರೂ ನೀರು ಒಂದು ಮಟ್ಟಕ್ಕೇ ನಿಲ್ಲುತ್ತಿತ್ತು. ಟರ್ಪಾಲು ಸೋರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸೋರುವ ಕಟ್ಟದ ಅಂದಾಜಿನಲ್ಲಿ ಸೋರದ ಕಟ್ಟ ಕಟ್ಟಿಸಿದೆ. ಮರುವಾರ ಮೊಮ್ಮಗಳು ಬಂದು ನೋಡುವಾಗ ಬಂಡೆ ಇರುವ ಜಾಗದಲ್ಲಿ ಬರೀ ನೀರು, ಕನ್ನಡಿಯ ಹಾಗೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ತೆಂಗಿನ ಮಡಲು ಅಡ್ಡ ಇಟ್ಟು ಮಾಡಿದ ಮರೆಯೊಳಗೆ ನನ್ನ ಹಳೆಯ ಕಂಬಳಿ ಹೊದ್ದು ಸುಮ್ಮನೆ ಕೂತಳು. ನೀರುನಾಯಿಯ ಸುಳಿವಿಲ್ಲ. ಒಂದು ದಿನ ಚಳಿಗೆ ಕೆಮರಾ ಹಾಳಾದೀತು ಎಂದು ಅದನ್ನು ಬಚ್ಚಲ ಒಲೆಯ ಬದಿ, ಎಣ್ಣೆ ಬಾಟ್ಲಿಯ ಪಕ್ಕ ಇಟ್ಟಿದ್ದಳು. ಬೆಚ್ಚಗಾದದ್ದನ್ನು ಹೊರಗೆ ತಂದ ಕೂಡಲೇ ಕನ್ನಡಿಗೆಲ್ಲ ಹಬೆ ಕೂತು ಬೆಳಗಿಡೀ ಏನೂ ಕಾಣಲಿಲ್ಲ. ಆ ದಿನ ಮಾತ್ರ ಕಣ್ಣು ಕೆಂಪು ಮಾಡಿಕೊಂಡು ಒಳಗೆ ಬಂದಳು. ಕೋರ್ಸಿಗೆ ಆ ಫೋಟೋ ಬೇಕಿತ್ತಂತೆ.

ನಾನೂ ಕಾಯುತ್ತಿದ್ದೆ. ಈ ಭಾನುವಾರ ಬರುತ್ತೇನೆ ಎನ್ನುತ್ತಿದ್ದಳು ಆಚೆ ದಡದವಳು. ಒಂದು ಭಾನುವಾರ ಅವರಲ್ಲಿ ಮದುವೆ, ಒಂದು ಭಾನುವಾರ ಜ್ವರ, ಇನ್ನೊಂದಕ್ಕೆ ಅಳಿಯನಿಗೆ ಪುರುಸೊತ್ತಿಲ್ಲ. ಪ್ರತಿ ಭಾನುವಾರ ನಾನು ಅಕ್ಕಿ ನೆನೆಹಾಕಿ ನೀರುದೋಸೆಗೆ ಕಡೆದದ್ದೇ ಬಂತು. ಸೊಸೆ ಹಿಟ್ಟಿನ ಪಾತ್ರೆ ನೋಡುವಳು, ನನ್ನ ಮುಖ ನೋಡುವಳು, ಬಾಯಿ ತೆರೆಯುತ್ತಿರಲಿಲ್ಲ. ಅದು ನನಗೆ ಬೈದದ್ದಕ್ಕಿಂತ ಹೆಚ್ಚು.

ಜನವರಿಯ ಒಂದು ಬೆಳಿಗ್ಗೆ, ಮೊಮ್ಮಗಳು ಮರೆಯೊಳಗೆ ಕೂತಿದ್ದಳು, ನಾನು ಹೊಳೆಬದಿಯಲ್ಲಿ ಪಾತ್ರೆ ಬೆಳಗುತ್ತಿದ್ದೆ. ಬಿಳೀ ಮಂಜು, ಕಟ್ಟದ ಅರ್ಧ ಮಾತ್ರ ಕಾಣುತ್ತಿತ್ತು. ಆ ಕಡೆಯಿಂದ ಕಾರಿನ ಬಾಗಿಲು ಹಾಕಿದ ಸದ್ದು. ಆಮೇಲೆ:

"ಓಯ್!"

ಹಾಗೆ ಕರೆಯುವವಳು ಭೂಮಿಯ ಮೇಲೆ ಒಬ್ಬಳೇ.

"ಓಯ್," ಎಂದೆ. ಕೈಯಲ್ಲಿದ್ದ ಪಾತ್ರೆ ನೀರಿಗೆ ಹೋಯಿತು.

ರಬ್ಬರ್ ತೋಟದ ಜೀಪಿನ ದಾರಿಯಲ್ಲಿ ಬಂದಿದ್ದಳು. ಅಳಿಯ ನಮ್ಮ ಮನೆಗೇ ನೇರ ಕರೆದುಕೊಂಡು ಬರಲು ಹೊರಟಿದ್ದನಂತೆ, ಅವಳು ಬಿಡಲಿಲ್ಲ. ಮಂಜಿನ ಆಚೆಗೆ ಅವರ ಜಗಳ ಕೇಳುತ್ತಿತ್ತು.

"ಬೇಡ ಮಾಮಿ, ಬಿದ್ದರೆ ನಿಮ್ಮ ಮಗಳು ನನ್ನನ್ನು ಮನೆಗೆ ಸೇರಿಸುವುದಿಲ್ಲ. ಕಾರಲ್ಲಿ ಸುತ್ತಿ ಹೋಗುವ, ಎಷ್ಟು ಹೊತ್ತು?"

"ಕಾರಲ್ಲಿ ಬರ್ಲಿಕ್ಕೆ ಅವಳು ಕಟ್ಟ ಕಟ್ಟಿದ್ದಾ? ಬಿಡು ಕೈ."

ಚೀಲ ಜರುಗಿದ ಸದ್ದು. ಒಂದು "ಅಯ್ಯೋ." ಆಮೇಲೆ ಏನೂ ಇಲ್ಲ.

"ಬಿದ್ದಿಯಾ?"

"ಬೀಳ್ಲಿಲ್ಲ. ಕಾಲು ಕೇಳುವುದಿಲ್ಲ ಮಾರಾಯ್ತಿ. ಒಂದು ಹೆಜ್ಜೆ ಇಟ್ಟೆ, ಆಗುವುದಿಲ್ಲ ಅಂತದೆ. ನೀನೇ ಬಾ."

ಅವಳಿಗೆಂದು ಅಗಲ ಮಾಡಿಸಿದ ಕಟ್ಟದ ಮೇಲೆ ನಾನು ನಡೆದೆ. ಜಾರುವುದಿಲ್ಲ, ಒಳ್ಳೆ ಕಟ್ಟ. ನಡುವೆ ಬಂದಾಗ ಕಾಲಡಿ ಏನೋ ಪಿಚಕ್ ಎಂದಿತು. ಬಗ್ಗಿ ನೋಡಿದರೆ ಏಡಿಯ ಚಿಪ್ಪು ಸೇರಿದ ಹಿಕ್ಕೆ, ಹೊಚ್ಚ ಹೊಸದು. ಬಂಡೆ ಮುಳುಗಿಸಿದ್ದಕ್ಕೆ ನೀರುನಾಯಿ ಕಟ್ಟವನ್ನೇ ಬಂಡೆ ಮಾಡಿಕೊಂಡಿತ್ತು. ಕೂಗಿ ಹೇಳುವ ಹಾಗಿಲ್ಲ. ಹಿಂದೆ ತಿರುಗಿ ಮೊಮ್ಮಗಳಿಗೆ ಕಾಲು ಎತ್ತಿ ತೋರಿಸಿದೆ. ಅವಳಿಗೆ ಅರ್ಥವಾಯಿತು, ಕೆಮರಾ ಕಟ್ಟದ ಕಡೆ ತಿರುಗಿತು.

ಆಚೆ ದಡದವಳು ಅರ್ಧ ಆಗಿದ್ದಳು. ಮೊದಲು ಬಾಗಿಲು ತುಂಬುವ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂಥ ನಾತ ಇದು? ಇದು ನನಗೆ ಉಪಚಾರವಾ?" ಎಂದಳು.

"ನೀರುನಾಯಿದ್ದು."

"ಹಲ್ಲು ಹೋಗಿದೆ ನಿನ್ನದು."

"ನಿನ್ನದು ಉಂಟಾ?"

"ಕಟ್ಟಿಸಿದ್ದು ಉಂಟು, ಪುತ್ತಿಗೆಯಲ್ಲಿ ಬಿಟ್ಟು ಬಂದೆ. ನಿನಗೆ ತೋರಿಸ್ಲಿಕ್ಕೆ ಅದು ಬೇರೆ ಕೇಡು."

ಅಳಿಯ ಕಾರಿನಿಂದ ಪ್ಲಾಸ್ಟಿಕ್ಕಿನ ಡಬ್ಬ ತಂದುಕೊಟ್ಟು, ಅಂಗಡಿ ತೆರೆಯಬೇಕು, ಬೇಗ ಮಾಡಿ ಅಮ್ಮ ಎಂದು ನನಗೆ ಹೇಳಿ ಕಾರಿನ ಕಡೆ ಹೋದ. ರಬ್ಬರ್ ಎಲೆ ಉದುರುವ ಸಮಯ ಅದು. ನೆಲವೆಲ್ಲ ಕೆಂಪು. ಅವಳ ಮನೆ ಇದ್ದಲ್ಲಿ ಬಾವಿ ಒಂದು ಉಳಿದಿತ್ತು, ಅದಕ್ಕೂ ಬಲೆ ಮುಚ್ಚಿದ್ದರು. ಅವಳು ಅದನ್ನು ನೋಡಲಿಲ್ಲ. ಬಿದ್ದ ಮರದ ಮೇಲೆ ಹೊಳೆಗೆ ಮುಖ ಮಾಡಿ ಕೂತಳು, ನನ್ನನ್ನೂ ಕೂರಿಸಿದಳು. ಡಬ್ಬದಲ್ಲಿ ಪತ್ತಿರ್ ಇತ್ತು, ಮಗಳು ಮಾಡಿದ್ದು, ದಪ್ಪ. ಇಬ್ಬರೂ ತಿನ್ನುತ್ತಾ ಮಗಳನ್ನು ಬೈದೆವು.

ಬಿಸಿಲು ಬಂತು. ಮಂಜು ಮೇಲಿಂದ ಕರಗಿತು. ಮೊದಲು ನಮ್ಮ ಮನೆಯ ಹಂಚು, ಆಮೇಲೆ ಅಡಿಗೆಕೋಣೆಯ ಹೊಗೆ, ಆಮೇಲೆ ನಾನು ಬಟ್ಟೆ ಒಗೆಯುವ ಕಲ್ಲು, ಒಂದೊಂದಾಗಿ ಹೊರಗೆ ಬಂದವು. ನನ್ನ ಮನೆಯನ್ನು ನಾನು ಆ ಬದಿಯಿಂದ ಕೂತು ನೋಡಿದ್ದೇ ಇಲ್ಲ. ಇಷ್ಟು ಸಣ್ಣದಾ ಎನಿಸಿತು. ಚಂದವೂ ಇತ್ತು. ಒಳಗೆ ಇರುವವರಿಗೆ ಅದು ಗೊತ್ತಾಗುವುದಿಲ್ಲ, ಅಲ್ಲಿ ಬರೀ ಕೆಲಸ.

"ನಿನ್ನ ಒಲೆಯ ಹೊಗೆ ನೋಡಿಯೇ ನಾನು ಏಳ್ತಿದ್ದದ್ದು," ಎಂದಳು. "ಮಳೆಗಾಲದಲ್ಲಿ ಕಾಣ್ತಿರ್ಲಿಲ್ಲ. ಆಗ ಬದುಕಿದ್ದೀಯಾ ಸತ್ತಿದ್ದೀಯಾ ಅಂತ ಬಟ್ಟೆ ಒಗೀಲಿಕ್ಕೆ ಬರುವವರೆಗೆ ಕಾಯ್ಬೇಕಿತ್ತು."

"ಮೊದಲೇ ಹೇಳ್ಬಾರದಿತ್ತಾ?"

"ಎಂಥ ಹೇಳುವುದು? ಹೊಗೆ ಬರ್ತದೆ ಅಂತ ಹೇಳುವುದಾ?"

ಆಮೇಲೆ ಮಾತು ಮುಗಿಯಿತು. ಜಗಳವಿಲ್ಲದೆ ನಾವಿಬ್ಬರು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ಅವಳು ನನ್ನ ಮಣಿಕಟ್ಟು ಹಿಡಿದಳು. ನಾನೇನೋ ಎಂದುಕೊಂಡೆ, ಅವಳ ಕಣ್ಣು ಹೊಳೆಯ ಮೇಲಿತ್ತು. ನೀರಿನಲ್ಲಿ ಮೂರು ತೆಂಗಿನಕಾಯಿ ತೇಲಿ ಬರುತ್ತಿದ್ದವು, ಅದೂ ನೀರಿಗೆ ಎದುರಾಗಿ. ಕಟ್ಟಕ್ಕೆ ತಾಗಿದವು. ಒಂದಕ್ಕೆ ಕುತ್ತಿಗೆ ಬಂತು, ಬೆನ್ನು ಬಂತು, ಬಾಲ ಬಂತು. ಚೀಲದ ಮೇಲೆ ಹತ್ತಿ, ಮೈ ಕೊಡವಿ, ನಾನು ತುಳಿದು ಹಾಳು ಮಾಡಿದ ಜಾಗವನ್ನು ಮೂಸಿ ನೋಡಿ, ಬೇಸರಪಟ್ಟುಕೊಂಡ ಹಾಗೆ ನಿಂತಿತು. ಅವಳ ಉಗುರು ನನ್ನ ಕೈಗೆ ನಟ್ಟಿತ್ತು. ಬಿಡಿಸಿಕೊಳ್ಳಲಿಲ್ಲ.

ಫೋಟೋ ಬಂದಿದೆ. ನೀರುನಾಯಿಯ ಮೀಸೆಯ ಒಂದೊಂದು ಕೂದಲು ಕಾಣುತ್ತದೆ, ಅದರ ತುದಿಯ ನೀರೂ ಕಾಣುತ್ತದೆ. ಹಿಂದೆ ಮಸುಕಾಗಿ ಎರಡು ಕಲೆ. ಮೊಮ್ಮಗಳಿಗೆ ಅದೊಂದು ಬೇಜಾರು.

"ಹಿಂದೆ ಖಾಲಿ ಇದ್ದಿದ್ರೆ ಎಷ್ಟು ಲಾಯಕ್ಕಿತ್ತು ಅಜ್ಜಿ. ನೀವಿಬ್ಬರು ಬಂದುಬಿಟ್ಟಿದ್ದೀರಿ."

ಕೋರ್ಸಿನವರು ಅದನ್ನೇ ಮೆಚ್ಚಿಕೊಂಡರಂತೆ.

ಆ ಬೆಳಿಗ್ಗೆ ನಾವು ಹಾಗೆ ಕೂತಿರುವಾಗಲೇ ಅಳಿಯ ಹಾರನ್ ಹಾಕಿದ. ಅವಳು ಎದ್ದಳು. ನಮ್ಮ ಮನೆಗೆ ಬರಲೇ ಇಲ್ಲ. ನೀರುದೋಸೆಯ ಹಿಟ್ಟು ಹಾಗೇ ಉಳಿಯಿತು. "ಕಟ್ಟ ಹೋಗುವ ಮೊದಲು ಇನ್ನೊಮ್ಮೆ ಬರ್ತೇನೆ, ಆಗ ತಿನ್ನುವ," ಎಂದಳು. ಕಟ್ಟ ಬೇಸಗೆಯಿಡೀ ಇತ್ತು. ಮೊದಲ ದೊಡ್ಡ ಮಳೆಗೆ ಚೀಲ ಹರಿದು, ಟರ್ಪಾಲು ಎಲ್ಲೋ ಕೆಳಗೆ ಬಿದಿರಿನ ಮೆಳೆಗೆ ಸಿಕ್ಕಿಕೊಂಡಿತು. ಅಲ್ಲಿಯವರೆಗೆ ನಾನು ಬೆಳಿಗ್ಗೆ ಒಂದು ಗಳಿಗೆ ದಾಟಿ ಹೋಗಿ ಆ ಮರದ ಮೇಲೆ ಕೂತು ಬರುತ್ತಿದ್ದೆ. ಸೊಸೆ ಎಲ್ಲಿಗೆ ಎಂದರೆ ಸೌದೆಗೆ ಎನ್ನುತ್ತಿದ್ದೆ. ಬರಿಗೈಯಲ್ಲಿ ವಾಪಸು ಬರುವುದನ್ನು ಅವಳು ನೋಡುತ್ತಿದ್ದಳು.

ಈ ವರ್ಷ ಮತ್ತೆ ಎಣ್ಣೆ ಗಟ್ಟಿಯಾಗಿದೆ. ಮೊಮ್ಮಗಳು ಓದು ಮುಗಿಸಿ ಬಂಟ್ವಾಳದಲ್ಲಿ ತಾಯಿಯ ಮನೆಯಲ್ಲಿದ್ದಾಳೆ, ಕೆಲಸ ಹುಡುಕುತ್ತಿದ್ದಾಳೆ. ಕಟ್ಟದ ಮಾತೆತ್ತಿದಾಗ ಮಗ, "ಯಾರಿಗೆ ಅಮ್ಮ?" ಎಂದ. ಸಿಟ್ಟಿನಿಂದಲ್ಲ, ಮೆತ್ತಗೆ. ಪುತ್ತಿಗೆಗೆ ಫೋನು ಹಚ್ಚಿ ನೇರ ಕೇಳಿದೆ.

"ಕಟ್ಟ ಕಟ್ಟಿಸಿದ್ರೆ ಬರ್ತೀಯಾ, ಇಲ್ವಾ? ಒಂದು ಹೇಳು."

"ಬರುವುದಿಲ್ಲ," ಎಂದಳು. "ಮನೆಯ ಮೆಟ್ಟಿಲು ಇಳಿಯುವುದೇ ಈಗ ಆಗುವುದಿಲ್ಲ. ಸುಮ್ಮನೆ ಮಕ್ಕಳಿಂದ ಚೀಲ ಹೊರಿಸ್ಬೇಡ."

ಇಷ್ಟು ವರ್ಷ ನೆಟ್ಟಗೆ ಉತ್ತರ ಕೊಡದವಳು ಕೊಟ್ಟಳು. ನನಗೇ ಬೇಕಿರಲಿಲ್ಲ.

"ಆಯ್ತು, ನಾನು ಬರುವುದು," ಎಂದೆ. "ಬೆಳ್ತಂಗಡಿಯಿಂದ ಮೂಡಬಿದಿರೆಗೆ ಬಸ್ಸುಂಟಲ್ಲ. ನಿನ್ನಲ್ಲಿ ಬೆಳಿಗ್ಗೆ ಕೂತು ನೋಡ್ಲಿಕ್ಕೆ ಎಂಥ ಉಂಟು?"

"ಎಂಥದೂ ಇಲ್ಲ. ಸಿಟೌಟು, ಎದುರಿಗೆ ಕಂಪೌಂಡು ಗೋಡೆ."

"ಗೋಡೆಗೆ ಎಂಥಾದ್ರೂ ಬರ್ತದಾ?"

"ಕಾಗೆ ಬರ್ತದೆ. ಒಂದಕ್ಕೆ ಕಾಲಿಲ್ಲ, ಅದು ಬಿಸ್ಕೆಟಿಗೆ ಬರ್ತದೆ."

"ಹೊರಗೆ ಎರಡು ಕುರ್ಚಿ ಹಾಕಿಸಿಡು."

"ಪ್ಲಾಸ್ಟಿಕ್ಕಿನ ಕುರ್ಚಿ ಮಾರಾಯ್ತಿ. ಬೆಳಿಗ್ಗೆಯ ಚಳಿಗೆ ಕುಂಡೆ ಮರಗಟ್ತದೆ."

ಮರಗಟ್ಟಲಿ. ಶಾಲು ಎರಡು ತರುತ್ತೇನೆ ಎಂದೆ.